ಕಡಲ್ಗಳ್ಳನಿಗೂ ಕುಡಿಯೋ ನೀರು ಬೇಕು

ಸಕಲೇಶಪುರ, ಮೂಡಿಗೆರೆ, ಅರಸೀಕೆರೆ ಕಡೆಯ ಹುಡುಗ ಹುಡುಗಿಯರು ಈಗ ಸಾಹಸದ ಕತೆ ಬರೀತಿದಾರೆ. ಕಡಲ್ಗಳ್ಳರು, ರಾಕೆಟ್ಟು, ಮಂತ್ರವಾದಿಗಳು ಎಲ್ಲಾ ಇದಾರೆ. ಸಂತೋಷ. ಆದ್ರೆ ಆ ನಾಯಕರಿಗೆ ಹಸಿವಿಲ್ಲ, ದಾರಿ ಸವೆಸೋ ಕಷ್ಟವಿಲ್ಲ, ಕೋವಿಮದ್ದು ಮಳೇಲಿ ನೆನೆಯಲ್ಲ. ಕತ್ತಿವರಸೆಗೆ ಎರಡು ಪುಟ, ಪ್ರಯಾಣಕ್ಕೆ ಅರ್ಧ ಸಾಲು. ಉಲ್ಟಾ ಆಗಬೇಕು ಮಾರಾಯ್ರೆ. ಏನು ಕಮ್ಮಿ ಬಿದ್ದಿದೆ ಅಂತ ಮೊದಲು ಲೆಕ್ಕ ಹಾಕಿ, ಕತೆ ತಾನಾಗೇ ಹೊರಡುತ್ತೆ.

ಹಡಗನ್ನೇ ತಗೊಳ್ಳಿ. 80 ಜನ, ತಲೆಗೆ ದಿನಕ್ಕೆ 4 ಲೀಟರ್ ನೀರು, 30 ದಿನ. ಒಟ್ಟು 9,600 ಲೀಟರ್, ಅಂದ್ರೆ ಹತ್ತಿರ ಹತ್ತು ಟನ್. ಅಷ್ಟೂ ಮರದ ಪೀಪಾಯಿಗಳಲ್ಲಿ. ಕೆಲವು ವಾರ ಕಳೆದ್ರೆ ಪಾಚಿಗಟ್ಟಿ ನಾರುತ್ತೆ. ಹಾಗಾಗಿ ಎಂಥಾ ಶೂರನಾದ್ರೂ ನೀರಿಗೆ ದಡ ಹುಡುಕಲೇಬೇಕು, ಹೊಂಚು ಹಾಕೋ ಶತ್ರು ಕೂರೋದೂ ಅಲ್ಲೇ. ಹಣ್ಣು ಸೊಪ್ಪು ಕಾಣದೆ ಎರಡು ಮೂರು ತಿಂಗಳಾದ್ರೆ ಸ್ಕರ್ವಿ: ಒಸಡಲ್ಲಿ ರಕ್ತ, ಮಾಯ್ದ ಗಾಯ ಮತ್ತೆ ಬಾಯಿ ಬಿಡುತ್ತೆ. ಕಿತ್ತಳೆ, ನಿಂಬೆ ಕೊಟ್ರೆ ಗುಣವಾಗುತ್ತೆ ಅಂತ ಬ್ರಿಟಿಷ್ ನೌಕಾಪಡೆಯ ವೈದ್ಯ ಜೇಮ್ಸ್ ಲಿಂಡ್ ನಾವಿಕರ ಮೇಲೆ ಪ್ರಯೋಗ ಮಾಡಿದ್ದು 1747ರಲ್ಲಿ. 1700ರ ಕತೇಲಿ ಹಡಗಿನ ವೈದ್ಯ ವಿಟಮಿನ್ ಬಗ್ಗೆ ಭಾಷಣ ಮಾಡಿದ್ರೆ ಓದೋರು ನಗ್ತಾರೆ.

ಬೆನ್ನಟ್ಟೋ ದೃಶ್ಯಕ್ಕೆ ಗಾಳಿಯ ದಿಕ್ಕು ಮೊದಲು ಬರ್ಕೊಳ್ಳಿ. ಚೌಕ ಹಾಯಿಯ ದೊಡ್ಡ ಹಡಗು ಗಾಳಿಗೆ ಎದುರಾಗಿ ನೇರ ಹೋಗಲಾರದು. ಗಾಳಿ ಬೀಸೋ ದಿಕ್ಕಿಗೆ ಹೆಚ್ಚುಕಮ್ಮಿ 60–70 ಡಿಗ್ರಿ ಓರೆಯಾಗಿ, ಅಂಕುಡೊಂಕಾಗಿ ಸಾಗಬೇಕು. ಉದ್ದುದ್ದಕ್ಕೆ ಹಾಯಿ ಕಟ್ಟಿದ ಸಣ್ಣ ದೋಣಿ ಇನ್ನಷ್ಟು ಎದುರಿಗೆ ನುಗ್ಗುತ್ತೆ. ಅಂದ್ರೆ ಸಣ್ಣವನು ತಪ್ಪಿಸ್ಕೊಳ್ಳೋಕೆ ಪವಾಡ ಬೇಡ, ದೊಡ್ಡ ಹಡಗಿಗೆ ಆಗದಷ್ಟು ಗಾಳಿಯತ್ತ ಮೂತಿ ತಿರುಗಿಸಿದ್ರೆ ಸಾಕು. ಇನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಪಶ್ಚಿಮ ಕರಾವಳೀಲಿ ಹಾಯಿ ಹಡಗು ಓಡಿಸೋದೇ ಪ್ರಾಣಸಂಕಟ. ಕತೆಯ ಪಂಚಾಂಗ ನೋಡ್ಕೊಂಡು ಬರೀರಿ.

ಕೊಳ್ಳೆ ಅಂದ ತಕ್ಷಣ ಚಿನ್ನದ ಪೆಟ್ಟಿಗೆ ಯಾಕೆ? 1698ರ ಜನವರೀಲಿ ಕಡಲ್ಗಳ್ಳ ವಿಲಿಯಂ ಕಿಡ್ ಮಲಬಾರ್ ಕರಾವಳಿಯಾಚೆ ಹಿಡಿದ ಕ್ವೆಡಾ ಮರ್ಚೆಂಟ್ ಹಡಗಲ್ಲಿ ಇದ್ದದ್ದು ಬಟ್ಟೆ, ಸಕ್ಕರೆ, ಅಫೀಮು, ಕಬ್ಬಿಣದಂಥ ಸರಕು. ಸಕ್ಕರೆ ಮೂಟೆಯನ್ನ ಕಳ್ಳ ಯಾರಿಗೆ ಮಾರ್ತಾನೆ? ಕೇಳಿ ನೋಡಿ, ದಡದಲ್ಲಿ ಕೂತ ಒಬ್ಬ ಒಳ್ಳೇ ಖದೀಮ ವ್ಯಾಪಾರಿ ಪಾತ್ರ ಸಿಕ್ಕೇ ಸಿಗುತ್ತೆ.

ಅಂತರಿಕ್ಷದ ಕತೆ ಬರೆಯೋ ಹಾಸನದವರಿಗಂತೂ ನೆಪವೇ ಇಲ್ಲ, ಉಪಗ್ರಹಗಳನ್ನ ನಿಯಂತ್ರಿಸೋ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಊರಲ್ಲೇ ಇದೆ. ಅಲ್ಲಿಂದ ನೋಡ್ಕೊಳ್ಳೋ ಭೂಸ್ಥಿರ ಉಪಗ್ರಹಗಳು ಸುಮಾರು 36,000 ಕಿ.ಮೀ. ಎತ್ತರದಲ್ಲಿವೆ, ಸಂಕೇತ ಹೋಗಿ ಬರೋಕೆ ಕಾಲು ಸೆಕೆಂಡ್. ಮಂಗಳಕ್ಕಾದ್ರೆ ಒಂದೇ ಕಡೆಗೆ 3ರಿಂದ 22 ನಿಮಿಷ. 2014ರ ಸೆಪ್ಟೆಂಬರ್ 24ರಂದು ಮಂಗಳಯಾನ ಕಕ್ಷೆ ಸೇರುವಾಗ ಈ ಅಂತರ ಸುಮಾರು 12 ನಿಮಿಷ, ಅದಕ್ಕೇ ಎಂಜಿನ್ ಉರಿಸೋ ಆದೇಶಗಳನ್ನ ಮೊದಲೇ ತುಂಬಿಸಿಟ್ಟಿದ್ರು. ನಿಮ್ಮ ಕ್ಯಾಪ್ಟನ್ ಅಲ್ಲಿಂದ “ಸಾರ್, ಏನ್ ಮಾಡ್ಲಿ?” ಅಂದ್ರೆ ಉತ್ತರ ಬರೋದು 24 ನಿಮಿಷ ಕಳೆದು. ಆ ಹೊತ್ತಲ್ಲಿ ನೌಕೆಯೊಳಗೆ ಶುರುವಾಗೋ ಜಗಳವೇ ಅಧ್ಯಾಯ. ಎಂಜಿನ್ ಆಫ್ ಮಾಡಿದ ಕೂಡಲೇ ನೌಕೆ ನಿಲ್ಲಲ್ಲ ಅನ್ನೋದೂ ನೆನಪಿರಲಿ, ನಿಲ್ಲಿಸೋಕೂ ಇಂಧನ ಬೇಕು.

ಮಾಯಾಲೋಕದವರಿಗೆ ಒಂದೇ ಮಾತು. ಸಕಲೇಶಪುರದ ಹತ್ತಿರದ ಮಂಜರಾಬಾದ್ ಕೋಟೆಯ ಡ್ರೋನ್ ಫೋಟೋ ನೋಡಿ ತುಂಬಾ ಜನ ನಕ್ಷತ್ರದಂಥ ಎಂಟು ಮೂಲೆಯ ಕೋಟೆಯನ್ನ ಕತೆಗೆ ತಂದು, ಒಳಗೆ ಬರೀ ಬಿಲ್ಲುಬಾಣದವರನ್ನ ನಿಲ್ಲಿಸ್ತಿದಾರೆ. ಆ ಆಕಾರ ಹುಟ್ಟಿದ್ದೇ ಫಿರಂಗಿಯಿಂದ. ದುಂಡು ಬುರುಜಿನ ಬುಡಕ್ಕೆ ಶತ್ರು ಬಂದು ಅಂಟಿಕೊಂಡ್ರೆ ಮೇಲಿನವನಿಗೆ ಕಾಣಲ್ಲ. ಚೂಪು ಮೂಲೆ ಇದ್ರೆ ಪಕ್ಕದ ಮೂಲೆಯಿಂದ ಗೋಡೆಯುದ್ದಕ್ಕೂ ಗುಂಡು ಹಾರಿಸಬಹುದು. ಅಂಥ ಕೋಟೆ ಬೇಕಂದ್ರೆ ನಿಮ್ಮ ಲೋಕದಲ್ಲಿ ಮದ್ದು ಅರೆಯೋರು, ಗಂಧಕ ತರೋರು, ಸಕಲೇಶಪುರದ ಮಳೇಲೂ ಮದ್ದನ್ನ ಒಣಗಿಸಿಡೋ ಕೋಣೆ ಇರಬೇಕು. ಇಲ್ಲಾಂದ್ರೆ ಸುಮ್ನೆ ದುಂಡು ಬುರುಜು ಕಟ್ಟಿ.