ಮಳೆಗಾಲದಲ್ಲಿ ಮಡಿಕೇರಿಗೆ ಹೋಗಬೇಕೆ?

ಪರ: ಮಳೆಯಲ್ಲೇ ಆ ಊರು ಸಿಗುವುದು

ಮಡಿಕೇರಿಯನ್ನು ನಾನು ಏಪ್ರಿಲ್‌ನಲ್ಲಿ ನೋಡಿದ್ದೇನೆ, ಡಿಸೆಂಬರಿನಲ್ಲೂ ನೋಡಿದ್ದೇನೆ. ಎರಡು ಸಲವೂ ಊರು ನೋಡಿದ್ದಕ್ಕಿಂತ ಕಾರು ನಿಲ್ಲಿಸಲು ಜಾಗ ಹುಡುಕಿದ್ದೇ ಹೆಚ್ಚು. ಮೂರನೆಯ ಸಲ ಹೋದದ್ದು ಜುಲೈ ಕೊನೆಯ ವಾರ. ರಾಜಾಸೀಟಿನ ನಾಲ್ಕು ಕಂಬಗಳ ಮಂಟಪದಲ್ಲಿ ನಾನೊಬ್ಬನೇ ನಿಂತಿದ್ದೆ. ಎದುರಿನ ಕಣಿವೆ ಕಾಣಿಸುತ್ತಲೇ ಇರಲಿಲ್ಲ. ಒಮ್ಮೆ ಮಾತ್ರ ಮಂಜು ಸರಿದು, ಕೆಳಗಿನ ಗದ್ದೆಯೊಂದು ಹಸಿರಾಗಿ ಹೊಳೆದು ಮತ್ತೆ ಮುಚ್ಚಿಕೊಂಡಿತು. ಆ ಅರೆಗಳಿಗೆಗಾಗಿ ಮತ್ತೆ ಹೋಗಲು ನಾನು ತಯಾರು.

ಕೊಡಗನ್ನು ಆಳಿದ ಹಾಲೇರಿ ವಂಶದ ಮುದ್ದುರಾಜ 1681ರಲ್ಲಿ ಇಲ್ಲಿ ರಾಜಧಾನಿ ಮಾಡಿಕೊಂಡ. ಮುದ್ದುರಾಜಕೇರಿ ಎಂಬುದೇ ಸವೆದು ಮಡಿಕೇರಿ ಆಯಿತು ಎನ್ನುತ್ತಾರೆ. ಅವನು ಕಟ್ಟಿಸಿದ್ದು ಮಣ್ಣಿನ ಕೋಟೆ. ಟಿಪ್ಪು ಅದನ್ನು ಕಲ್ಲಿನಲ್ಲಿ ಕಟ್ಟಿಸಿ ಜಾಫರಾಬಾದ್ ಎಂದು ಕರೆದ. 1790ರಲ್ಲಿ ಅದು ದೊಡ್ಡ ವೀರರಾಜೇಂದ್ರನ ಕೈಗೆ ಬಂತು, 1834ರಲ್ಲಿ ಬ್ರಿಟಿಷರ ಪಾಲಾಯಿತು. ಅವರು ಕೋಟೆಯೊಳಗೇ ಕಟ್ಟಿದ ಚರ್ಚು ಈಗ ವಸ್ತುಸಂಗ್ರಹಾಲಯ. ಬಿಸಿಲಿನಲ್ಲಿ ಇವೆಲ್ಲ ನನಗೆ ಬರೀ ಇಸವಿಗಳಾಗಿದ್ದವು. ಹತ್ತು ಮಾರು ದೂರದ ಗೋಡೆಯೂ ಕಾಣದ ಮಂಜಿನಲ್ಲಿ ನಿಂತಾಗ, ಬಯಲುಸೀಮೆಯಿಂದ ಬಂದ ಸೈನಿಕನೊಬ್ಬ ಒದ್ದೆ ಬಟ್ಟೆಯಲ್ಲಿ ಈ ಗೋಡೆಯ ಮೇಲೆ ಕಾವಲು ನಿಂತಿದ್ದು ಹೇಗಿದ್ದೀತು ಎಂದು ಮೊದಲ ಬಾರಿಗೆ ಯೋಚಿಸಿದೆ. ಅಂಗಳದ ಎರಡು ಗಾರೆಯ ಆನೆಗಳು ಮಳೆಯಲ್ಲಿ ತೊಯ್ದು ಜೀವದ ಆನೆಗಳಂತೆಯೇ ಕಾಣುತ್ತಿದ್ದವು.

ಓಂಕಾರೇಶ್ವರ ದೇವಸ್ಥಾನವನ್ನಂತೂ ಮಳೆಯಲ್ಲೇ ನೋಡಬೇಕು. ಲಿಂಗರಾಜೇಂದ್ರ 1820ರಲ್ಲಿ ಕಟ್ಟಿಸಿದ್ದು. ನಡುವೆ ಗುಮ್ಮಟ, ನಾಲ್ಕು ಮೂಲೆಗೆ ಮಿನಾರಿನಂಥ ಗೋಪುರ, ಒಳಗೆ ಶಿವಲಿಂಗ. ನಿರಪರಾಧಿ ಬ್ರಾಹ್ಮಣನೊಬ್ಬನನ್ನು ಕೊಲ್ಲಿಸಿದ ಪಾಪ ಕಳೆಯಲು ರಾಜ ಕಾಶಿಯಿಂದ ಲಿಂಗ ತರಿಸಿದ ಎಂಬುದು ಐತಿಹ್ಯ. ಮುಂದಿನ ಕೆರೆಯ ಮೇಲೆ ಮಳೆ ಬೀಳುತ್ತಿರುವಾಗ, ನೀರಿನ ನಡುವಿನ ಮಂಟಪವನ್ನು ನೋಡುತ್ತ ಅರ್ಧ ಗಂಟೆ ಕೂತಿದ್ದೆ. ಏಳಿ ಎನ್ನುವವರು ಯಾರೂ ಇರಲಿಲ್ಲ.

ಊಟದ ಮಾತನ್ನು ಬಿಡಲಾರೆ. ಎಳೆ ಬಿದಿರಿನ ಕಣಿಲೆ, ಕಾಡಣಬೆ, ಕೆಸುವಿನ ಎಲೆಯ ಪತ್ರೊಡೆ ಇವೆಲ್ಲ ಮಳೆಯ ಜೊತೆಗೇ ಬರುವಂಥವು. ಕೊಡವರ ಕಕ್ಕಡ ಮಾಸದ ಹದಿನೆಂಟನೆಯ ದಿನ, ಅಂದರೆ ಆಗಸ್ಟ್ 3ರಂದು, ಮದ್ದುಸೊಪ್ಪಿನ ರಸದಲ್ಲಿ ಪಾಯಸ ಮಾಡುತ್ತಾರೆ. ಆ ದಿನ ಸೊಪ್ಪಿಗೆ ಹದಿನೆಂಟು ಬಗೆಯ ಮದ್ದಿನ ಗುಣ ಬಂದಿರುತ್ತದೆಂಬ ನಂಬಿಕೆ. ಕಡು ನೇರಳೆ ಬಣ್ಣ, ಕಾಡಿನದೇ ಒಂದು ಪರಿಮಳ. ನಾನು ಉಳಿದಿದ್ದ ಮನೆಯ ಅಜ್ಜಿ ಎರಡನೆಯ ಬಟ್ಟಲು ಬಡಿಸುತ್ತ, ‘ಸೀಸನ್ನಿನಲ್ಲಿ ಬಂದವರ ಮುಖವೇ ನೆನಪಿರುವುದಿಲ್ಲ ಮಗ’ ಎಂದರು. ಮಳೆಗಾಲದಲ್ಲಿ ಹೋದವನ ಜೊತೆ ಮಾತಾಡಲು ಅವರಿಗೂ ಪುರುಸೊತ್ತಿರುತ್ತದೆ, ಖಾಲಿ ಕೋಣೆಗೆ ನಾಲ್ಕು ಕಾಸೂ ಆಗುತ್ತದೆ.

ಬೆಂಗಳೂರಿನ ನಮ್ಮ ಮನೆಯ ನಲ್ಲಿಯಲ್ಲಿ ಬರುವುದು ಕಾವೇರಿ ನೀರು. ಕನ್ನಂಬಾಡಿ ತುಂಬಿತೇ ಎಂದು ಪೇಪರಿನಲ್ಲಿ ನೋಡುತ್ತೇವೆ. ಆ ನೀರು ಆಕಾಶದಿಂದ ಇಳಿಯುವ ಜಾಗದಲ್ಲಿ ವರ್ಷಕ್ಕೊಮ್ಮೆ ನೆನೆದು ಬರಬೇಕು ಅನ್ನಿಸುತ್ತದೆ ನನಗೆ.

ವಿರೋಧ: ಆ ಎರಡು ತಿಂಗಳು ಬಿಟ್ಟುಬಿಡಿ

ಬರಬೇಡಿ ಎನ್ನುವ ಮಾತು ನಮ್ಮೂರಿನವರ ಬಾಯಲ್ಲಿ ಸುಲಭವಾಗಿ ಬರುವುದಿಲ್ಲ. ಬಾಗಿಲಿಗೆ ಬಂದವರನ್ನು ಕಾಫಿ ಕೊಡದೆ ಕಳಿಸುವ ರೂಢಿ ನಮ್ಮಲ್ಲಿಲ್ಲ. ಆದರೂ ಜುಲೈ, ಆಗಸ್ಟ್ ಎರಡು ತಿಂಗಳು ಬರಬೇಡಿ ಎಂದು ಕೇಳಿಕೊಳ್ಳುತ್ತೇನೆ.

2018ರ ಆಗಸ್ಟ್ ನಡುವಿನಲ್ಲಿ ಮಕ್ಕಂದೂರು, ಮುಕ್ಕೊಡ್ಲು, ಹೆಬ್ಬೆಟ್ಟಗೇರಿ, ಮೊಣ್ಣಂಗೇರಿ, ಜೋಡುಪಾಲದ ಕಡೆ ಬೆಟ್ಟಗಳು ಜರಿದವು. ಕಾಫಿ ತೋಟಗಳು ಗಿಡ, ಮರ, ಮನೆ ಸಮೇತ ಕೆಳಗಿಳಿದು ಹೋದವು. ಪಟ್ಟಣದೊಳಗೇ ಇಂದಿರಾನಗರ, ಚಾಮುಂಡೇಶ್ವರಿ ನಗರಗಳಲ್ಲಿ ಜನ ಮನೆ ಕಳೆದುಕೊಂಡರು. ಮಂಗಳೂರು ರಸ್ತೆ ತುಂಡಾಯಿತು. 2019ರಲ್ಲಿ ಜಿಲ್ಲೆಯಲ್ಲಿ ಮತ್ತೆ ಬೆಟ್ಟ ಕುಸಿಯಿತು. 2020ರ ಆಗಸ್ಟಿನಲ್ಲಿ ತಲಕಾವೇರಿಯಲ್ಲಿ ಬ್ರಹ್ಮಗಿರಿಯ ಇಳಿಜಾರು ಅರ್ಚಕರ ಮನೆಯ ಮೇಲೆ ಬಿತ್ತು, ಮನೆಯಲ್ಲಿದ್ದವರು ಉಳಿಯಲಿಲ್ಲ.

2018ರ ಆ ವಾರ ಒಂದು ರಾತ್ರಿ ನಮ್ಮ ಮನೆ ಹಿಂದಿನ ಬರೆ, ಅಂದರೆ ಕಡಿದಾದ ಮಣ್ಣಿನ ದಿಣ್ಣೆ, ಸದ್ದು ಮಾಡಿತು. ಅಪ್ಪ ಟಾರ್ಚ್ ಹಿಡಿದು ಬೆಳಗಾಗುವವರೆಗೆ ಹಿತ್ತಿಲಲ್ಲೇ ನಿಂತಿದ್ದರು. ಈಗಲೂ ನಡುರಾತ್ರಿ ಮಳೆಯ ಸದ್ದು ಬದಲಾದರೆ ಅಮ್ಮ ಎದ್ದು ಕೂರುತ್ತಾರೆ. ಅದೇ ಸದ್ದನ್ನು ಕೇಳಲೆಂದು ದುಡ್ಡು ಕೊಟ್ಟು ಬರುವವರನ್ನು ಕಂಡಾಗ ಸಂಕಟವಾಗುತ್ತದೆ.

ಕಾಣುವ ಕಷ್ಟಗಳೂ ಇವೆ. ಮಣ್ಣು ಬಿದ್ದ ರಸ್ತೆಯಲ್ಲಿ ಉಳಿದದ್ದು ಒಂದೇ ಸಾಲಿನ ದಾರಿ ಎಂದುಕೊಳ್ಳಿ. ಅದರಲ್ಲೇ ಜೆಸಿಬಿ ಬರಬೇಕು, ಆಂಬುಲೆನ್ಸ್ ಹೋಗಬೇಕು, ಕಂಬ ಹೊತ್ತ ಲಾರಿ ಹೋಗಬೇಕು. ಅಂಥ ಹೊತ್ತಿನಲ್ಲಿ ಅಬ್ಬಿ ಜಲಪಾತಕ್ಕೋ ಮಾಂದಲಪಟ್ಟಿಗೋ ಹೊರಟ ಕಾರುಗಳ ಸಾಲು ಎದುರಾದರೆ ಯಾರನ್ನು ಹಿಂದೆ ಕಳಿಸುವುದು? ಮರ ಬಿದ್ದು ತಂತಿ ಹರಿದರೆ ಹಳ್ಳಿಗಳಿಗೆ ದಿನಗಟ್ಟಲೆ ಕರೆಂಟ್ ಇರುವುದಿಲ್ಲ. ಲೈನ್‌ಮನ್‌ಗಳು ಇಂಬಳ (ಜಿಗಣೆ) ಕಚ್ಚಿಸಿಕೊಳ್ಳುತ್ತ ತೋಟದ ಮಧ್ಯೆ ತಂತಿ ಎಳೆಯುತ್ತಿರುತ್ತಾರೆ.

ಮಂಜು ನೋಡುವ ಆಸೆಗೆ ಇನ್ನೊಂದು ಬೆಲೆಯಿದೆ. ಕಿಟಕಿಯಿಂದ ಕಣಿವೆ ಕಾಣಬೇಕು ಎನ್ನುವ ಅತಿಥಿಗಾಗಿ ಇಳಿಜಾರನ್ನು ನೆಟ್ಟಗೆ ಕಡಿದು ಕಟ್ಟಡ ಏಳುತ್ತದೆ, ಅದರ ಕಾರಿಗಾಗಿ ಇನ್ನಷ್ಟು ಬರೆ ಕಡಿಯುತ್ತಾರೆ. ಬುಡ ಕಡಿದ ಮಣ್ಣು ಮೂರು ದಿನ ಬಿಡದೆ ಸುರಿದ ನೀರನ್ನು ಕುಡಿದು ಭಾರವಾದಾಗ ಅದನ್ನು ಹಿಡಿದಿಡಲು ಏನೂ ಇರುವುದಿಲ್ಲ. 2018ರ ಕುಸಿತಕ್ಕೆ ಮಳೆಯೊಂದೇ ಕಾರಣವೆಂದು ನಾನು ಒಪ್ಪುವುದಿಲ್ಲ. ಕಡಿದವರಲ್ಲಿ ನಮ್ಮೂರಿನವರೂ ಇದ್ದಾರೆ.

ಮಳೆಗಾಲದ ಬಾಡಿಗೆಯನ್ನೂ ನಂಬಿ ಬದುಕುವವರಿದ್ದಾರೆ, ಗೊತ್ತು. ನನ್ನ ಭಾವ ಟ್ಯಾಕ್ಸಿ ಓಡಿಸುತ್ತಾರೆ, ಕಂತು ಕಟ್ಟುವುದು ಅವರಿಗೆ ಕಷ್ಟವಾಗುತ್ತದೆ. ಆದರೆ ಸಂಪಾಜೆ ಘಾಟಿಯಲ್ಲಿ ಮಳೆಯ ರಾತ್ರಿ ಬಾಡಿಗೆ ಹೋದ ದಿನ, ಅವರು ಗಾಡಿ ತಿರುಗಿಸಿ ಮನೆಗೆ ಬಂದು ಸೇರುವ ತನಕ ಅಕ್ಕ ಊಟ ಮಾಡುವುದಿಲ್ಲ. ಮದ್ದುಸೊಪ್ಪಿನ ಪಾಯಸ ಬೇಕೆನ್ನುವವರಿಗೆ ಮಾತ್ರ ನನ್ನಲ್ಲಿ ಉತ್ತರವಿಲ್ಲ. ಅದಕ್ಕೆ ಆಗಸ್ಟೇ ಆಗಬೇಕು.

ಊರಿನ ಚರಿತ್ರೆ ಬೇಕಿದ್ದವರು ನವರಾತ್ರಿಗೆ ಬನ್ನಿ. ಆ ಹೊತ್ತಿಗೆ ಮಳೆ ಇಳಿದಿರುತ್ತದೆ, ಬೆಟ್ಟ ಇನ್ನೂ ಹಸಿರಾಗಿರುತ್ತದೆ. ಬೆಳಿಗ್ಗೆ ಗದ್ದಿಗೆಗೆ ಹೋಗಿ. ಅಲ್ಲಿ ದೊಡ್ಡ ವೀರರಾಜೇಂದ್ರ ಮತ್ತು ಅವನ ರಾಣಿ ಮಹದೇವಮ್ಮಾಜಿಯವರ ಸಮಾಧಿ ನೋಡಿ: ಲಿಂಗಾಯತ ರಾಜನ ಗೋರಿಗೆ ಇಸ್ಲಾಮೀ ಗುಮ್ಮಟ, ಜೊತೆಗೆ ನಂದಿ. ಜನರಲ್ ತಿಮ್ಮಯ್ಯನವರ ‘ಸನ್ನಿಸೈಡ್’ ಮನೆ 2021ರಿಂದ ವಸ್ತುಸಂಗ್ರಹಾಲಯವಾಗಿದೆ, ಅದನ್ನೂ ನೋಡಿ. ಸಂಜೆಗೆ ಪಂಪಿನಕೆರೆಯ ಹತ್ತಿರ ಬನ್ನಿ. ಹಬ್ಬದ ಮೊದಲ ದಿನ ನಾಲ್ಕು ಶಕ್ತಿದೇವತೆಗಳ ಕರಗ ಹೊರಡುವುದು ಅಲ್ಲಿಂದ. ರಾಜರ ಕಾಲದಲ್ಲಿ ರೋಗ ಬಂದು ಊರು ನರಳಿದಾಗ ಮಾರಿಯಮ್ಮನಿಗೆ ಹೊತ್ತ ಹರಕೆ ಇದು ಎನ್ನುತ್ತಾರೆ. ವಿಜಯದಶಮಿಯ ರಾತ್ರಿ ಹತ್ತು ದೇವಸ್ಥಾನಗಳ ಮೆರವಣಿಗೆಯ ಮಂಟಪಗಳು ದೀಪ ಹೊತ್ತು ಬೀದಿಗಿಳಿಯುತ್ತವೆ, ಬೆಳಗಿನ ಜಾವದವರೆಗೆ ಊರು ಮಲಗುವುದಿಲ್ಲ. ನಡುವೆ ಒಂದು ಮಳೆ ಹೊಡೆದರೂ ಯಾರೂ ಮನೆಗೆ ಓಡುವುದಿಲ್ಲ. ನಮ್ಮಮ್ಮನೂ ಕೊಡೆ ಬಿಚ್ಚಿಕೊಂಡು ಅಲ್ಲೇ ನಿಂತಿರುತ್ತಾರೆ.