ಎಂಜಿನ್ ತಿರುಗಿಸುವ ಉಪದ್ವ್ಯಾಪ

ಹಬೆ ಎಂಜಿನ್ನಿಗೆ ಮುಖ ಒಂದೇ ಕಡೆ ಇರುತ್ತದೆ. ಕಲ್ಲಿದ್ದಲು ಮತ್ತು ನೀರು ತುಂಬಿದ, ಟೆಂಡರ್ ಎಂಬ ಹಿಂಬದಿಯ ಬಂಡಿಯನ್ನು ಮುಂದೆ ಮಾಡಿಕೊಂಡು ಹಿಮ್ಮುಖವಾಗಿ ಓಡಿಸಿದರೆ ಚಾಲಕನಿಗೆ ದಾರಿ ಸರಿಯಾಗಿ ಕಾಣುವುದಿಲ್ಲ, ವೇಗವನ್ನೂ ತಗ್ಗಿಸಬೇಕಾಗುತ್ತದೆ. ಆದ್ದರಿಂದ ಹಬೆಯ ಕಾಲದ ದೊಡ್ಡ ಶೆಡ್ಡುಗಳಲ್ಲಿ ದುಂಡನೆಯ ಗುಂಡಿಯೊಂದನ್ನು ತೋಡಿ, ಅದರ ನಡುವೆ ತಿರುಗುವ ಸೇತುವೆಯನ್ನು ಕೂರಿಸಿ, ಎಂಜಿನ್ನನ್ನು ಅದರ ಮೇಲೆ ನಿಲ್ಲಿಸಿ, ಮುಖ ತಿರುಗಿಸಿ ಕಳುಹಿಸುತ್ತಿದ್ದರು. ಇದೇ ಟರ್ನ್‌ಟೇಬಲ್. ಎರಡೂ ದಿಕ್ಕಿಗೆ ಓಡಬಲ್ಲ ಡೀಸೆಲ್ ಮತ್ತು ವಿದ್ಯುತ್ ಎಂಜಿನ್ನುಗಳು ಬಂದ ಮೇಲೆ ಈ ತಾಪತ್ರಯ ಬಹುಮಟ್ಟಿಗೆ ತೀರಿತು. ಹೀಗೆ ತೀರಿಹೋದ ತಾಪತ್ರಯಗಳನ್ನು 1:87ರ ಪ್ರಮಾಣಕ್ಕೆ ಇಳಿಸಿ, ಸುಂಕ ಕಟ್ಟಿ ಮನೆಗೆ ತರಿಸಿಕೊಳ್ಳುವ ಹವ್ಯಾಸವೇ ಮಾಡೆಲ್ ರೈಲ್ವೆ.

ಬೆಂಗಳೂರಿನ ನಮ್ಮ ಮನೆಯಲ್ಲಿ ಮಗಳು ಓದಲೆಂದು ಕಟ್ಟಿಸಿದ ಕೋಣೆಯನ್ನು ಈಗ 16.5 ಮಿಲಿಮೀಟರ್ ಅಗಲದ ಹಳಿಗಳು ಆಕ್ರಮಿಸಿಕೊಂಡಿವೆ. ಅಲ್ಲಿ ಡೀಸೆಲ್ ಎಂಜಿನ್ನುಗಳು ಹಲವಿದ್ದರೂ ಹಬೆ ಎಂಜಿನ್ ಇರುವುದು ಒಂದೇ. ಇಂಗ್ಲೆಂಡಿನಿಂದ ಟರ್ನ್‌ಟೇಬಲ್ ಕಿಟ್ಟಿನ ಪೆಟ್ಟಿಗೆ ಬಂದ ದಿನ ನನ್ನ ಹೆಂಡತಿ, "ಒಂದು ಎಂಜಿನ್ ತಿರುಗಿಸೋಕೆ ಇಷ್ಟೆಲ್ಲ ಯಾಕೆ ರೀ? ಕೈಯಲ್ಲಿ ಎತ್ತಿ ಆ ಕಡೆಗೆ ತಿರುಗಿಸಿ ಇಟ್ಟರೆ ಆಗಲ್ವಾ?" ಎಂದು ಕೇಳಿದಳು. ಈ ಪ್ರಶ್ನೆಗೆ ಜಗತ್ತಿನ ಯಾವ ಹವ್ಯಾಸಿಯ ಬಳಿಯೂ ಉತ್ತರವಿರಲಾರದು. ಹಬೆ ಎಂಜಿನ್ನುಗಳ ಸಂಖ್ಯೆಯನ್ನು ಹೆಚ್ಚಿಸುವುದೊಂದೇ ಸಮರ್ಥನೆಯ ದಾರಿಯೆಂದು ಗೆಳೆಯರೊಬ್ಬರು ಅಮೆರಿಕದ ಯೂನಿಯನ್ ಪೆಸಿಫಿಕ್ ಕಂಪನಿಯ 'ಬಿಗ್ ಬಾಯ್' ಎಂಜಿನ್ನಿನ ಮಾದರಿಯನ್ನು ಕೊಳ್ಳುವಂತೆ ಸೂಚಿಸಿದರು. ಅಸಲಿ ಬಿಗ್ ಬಾಯ್ ಟೆಂಡರ್ ಸೇರಿ 132 ಅಡಿಗೂ ಉದ್ದವಾಗಿದ್ದು, ಅದನ್ನು ತಿರುಗಿಸಲು 135 ಅಡಿಯ ಟರ್ನ್‌ಟೇಬಲ್‌ಗಳನ್ನೇ ಹಾಕಿಸಬೇಕಾಯಿತು. ಅದರ ಮಾದರಿಯೂ ಸುಮಾರು 46 ಸೆಂಟಿಮೀಟರ್ ಉದ್ದವಿರುತ್ತದೆ. ನಮ್ಮ ಸೇತುವೆಯ ಉದ್ದ ಕೇವಲ 30 ಸೆಂಟಿಮೀಟರ್. ಆ ಸಮರ್ಥನೆ ಅಲ್ಲಿಗೇ ಬಿದ್ದುಹೋಯಿತು.

ಗುಂಡಿಗಾಗಿ ಪ್ಲೈವುಡ್ಡನ್ನು ದುಂಡಗೆ ಕೊರೆಯಲು, ಈ ಮೇಜನ್ನು ಮಾಡಿಕೊಟ್ಟಿದ್ದ ಬಡಗಿಯನ್ನೇ ಕರೆಸಿದೆ. ಆತ ನಾನು ಎಳೆದಿದ್ದ ವೃತ್ತವನ್ನು ಬಹಳ ಹೊತ್ತು ನೋಡಿ, "ಸಿಂಕು ಸ್ಟೀಲಿಂದಾ ಸಾರ್, ಪಿಂಗಾಣೀದಾ?" ಎಂದು ಕೇಳಿದ. ನೀರಿನ ಪೈಪು ಎಲ್ಲಿಂದ ಬರುತ್ತದೆ ಎಂಬ ವಿಚಾರದಲ್ಲಿ ಆತನಿಗಿದ್ದ ಕಳವಳವನ್ನು ಹೋಗಲಾಡಿಸಿ, ಮೇಜಿನ ಕೆಳಗೆ ಬಗ್ಗಿ ನೋಡಿದರೆ, ವೃತ್ತದ ಕೇಂದ್ರದ ನೇರಕ್ಕೇ ಮೇಜನ್ನು ಹೊತ್ತಿರುವ ಅಡ್ಡ ರೀಪು ಹಾದುಹೋಗಿತ್ತು. ಟರ್ನ್‌ಟೇಬಲ್ಲಿನ ನಡುಗೂಟ ಇಳಿಯಬೇಕಾದದ್ದೂ, ಅದರ ಕೆಳಗೆ ಮೋಟರ್ ಕೂರಬೇಕಾದದ್ದೂ ಅಲ್ಲಿಯೇ. "ಅದನ್ನ ಕಿತ್ರೆ ಟೇಬಲ್ ನಿಲ್ಲಲ್ಲ ಸಾರ್" ಎಂದು ಆತ ತನ್ನ ಹಳೆಯ ಕೆಲಸವನ್ನು ತಾನೇ ಮೆಚ್ಚಿಕೊಂಡು ತಟ್ಟಿ ತೋರಿಸಿದ. ಕೊನೆಗೆ ವೃತ್ತವನ್ನೇ ಒಂದು ಗೇಣು ಗೋಡೆಯ ಕಡೆಗೆ ಸರಿಸಿದ್ದಾಯಿತು. ನಾನು ಅಳತೆಪಟ್ಟಿ ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಆತ, ಗುಂಡಿಯ ಪ್ಲಾಸ್ಟಿಕ್ ತಟ್ಟೆ ಅಲುಗಾಡಬಾರದೆಂಬ ಸದುದ್ದೇಶದಿಂದ, ಅದರ ಅಂಚಿಗೆಲ್ಲ ಅಂಟು ಬಳಿದು ಶಾಶ್ವತವಾಗಿ ಕೂರಿಸಿ ಪುಣ್ಯ ಕಟ್ಟಿಕೊಂಡಿದ್ದ.

ಆ ಪುಣ್ಯದ ಫಲ ವಿದ್ಯುತ್ ಹರಿದಾಗ ತಿಳಿಯಿತು. ಮಾದರಿ ರೈಲಿಗೆ ಕರೆಂಟು ಬರುವುದು ಹಳಿಗಳಿಂದಲೇ. ಒಂದು ಹಳಿ ಒಂದು ತಂತಿಗೆ, ಇನ್ನೊಂದು ಹಳಿ ಇನ್ನೊಂದು ತಂತಿಗೆ ಸೇರಿರುತ್ತದೆ. ಸೇತುವೆ ಅರ್ಧ ಸುತ್ತು ತಿರುಗಿದ ಕೂಡಲೇ ಅದರ ಎಡ ಬಲ ಅದಲುಬದಲಾಗುವುದರಿಂದ, ಹೊರಗಿನ ಹಳಿಗೂ ಸೇತುವೆಯ ಹಳಿಗೂ ಎಂಜಿನ್ನಿನ ಚಕ್ರ ಒಟ್ಟಿಗೆ ತಗುಲಿದ ಕ್ಷಣ ಶಾರ್ಟ್ ಸರ್ಕ್ಯೂಟ್ ಆಗುತ್ತದೆ. ಇದಕ್ಕೆ ಪರಿಹಾರವಾಗಿ ಕಿಟ್ಟಿನ ತಳದಲ್ಲಿ ಎರಡು ಹೋಳಾಗಿ ಸೀಳಿದ ಲೋಹದ ಉಂಗುರವೊಂದಿದ್ದು, ಸೇತುವೆ ಆ ಸೀಳನ್ನು ದಾಟುವಾಗ ತಂತಿಗಳು ತಾವಾಗಿಯೇ ಅದಲುಬದಲಾಗುತ್ತವೆ. ಸೀಳಿನ ನೇರಕ್ಕೆ ಮಾತ್ರ ಯಾವ ಹಳಿಯೂ ಇರಕೂಡದು. ತಟ್ಟೆಯನ್ನು ಕೊಂಚ ತಿರುಗಿಸಿ ಕೂರಿಸಿದ್ದರೆ ಸೀಳು ಗೋಡೆಯ ಕಡೆಗೆ ಹೋಗುತ್ತಿತ್ತು. ಬಡಗಿಯ ಅಂಟಿನಿಂದಾಗಿ ಅದು ಕಲ್ಲಿದ್ದಲು ತುಂಬುವ ಹಳಿಗೆ ಸರಿಯಾಗಿ ಎದುರಾಗಿ ನಿಂತಿತು. ಎಂಜಿನ್ ಆ ಹಳಿಗೆ ಹೋದಾಗಲೆಲ್ಲ, ಹಳಿಗಳಿಗೆ ಕರೆಂಟು ಕೊಡುವ ಕಂಟ್ರೋಲರ್ ಕೀಚಲು ದನಿಯಲ್ಲಿ ಕೂಗುತ್ತದೆ. ನನ್ನ ಹೆಂಡತಿ ಅದನ್ನು ಕೇಳಿ, ವಾಷಿಂಗ್ ಮಷಿನ್ನಿನ ಕೆಲಸ ಮುಗಿಯಿತೆಂದು ಬಕೆಟ್ ಹಿಡಿದು ಹೊರಡುತ್ತಾಳೆ. ಕಲ್ಲಿದ್ದಲಿನ ಹಳಿಯನ್ನು ಕಿತ್ತುಹಾಕಬೇಕೆಂಬ ನಿರ್ಣಯ ನಮ್ಮ ಮನೆಯಲ್ಲಿ ಅವಿರೋಧವಾಗಿ ಅಂಗೀಕಾರವಾಯಿತು.

ಟರ್ನ್‌ಟೇಬಲ್ಲನ್ನು ತಿರುಗಿಸುವುದು ಮಕ್ಕಳಾಟ. ಅದನ್ನು ನಿಲ್ಲಿಸುವುದರಲ್ಲಿಯೇ ಇರುವುದು ಎಲ್ಲ ಪೇಚಾಟ. ಹಳಿಯ ತಲೆಯ ಅಗಲ ಹೆಚ್ಚುಕಡಿಮೆ ಒಂದು ಮಿಲಿಮೀಟರ್ ಇರುವುದರಿಂದ, ಅದರ ಅರ್ಧದಷ್ಟು ಆಚೀಚೆಯಾದರೂ ಚಕ್ರ ಎಡವುತ್ತದೆ. ಎಸ್.ಪಿ. ರಸ್ತೆಯಿಂದ ತಂದ ಸ್ಟೆಪರ್ ಮೋಟರ್ ಒಂದು ಸುತ್ತಿಗೆ 200 ಹೆಜ್ಜೆ ಹಾಕುತ್ತದೆ. ನಮ್ಮ ಗುಂಡಿಯ ಅಂಚಿನಲ್ಲಿ ಒಂದೊಂದು ಹೆಜ್ಜೆಯೂ ಐದು ಮಿಲಿಮೀಟರಿನ ಸಮೀಪಕ್ಕೆ ಬರುತ್ತದೆ. ಪ್ರತಿ ಹೆಜ್ಜೆಯನ್ನೂ 16 ಪಾಲು ಮಾಡುವ ಚಿಕ್ಕ ಬೋರ್ಡೊಂದನ್ನು ಜೋಡಿಸಿದ ಮೇಲೆ ಲೆಕ್ಕ 0.3 ಮಿಲಿಮೀಟರಿಗೆ ಇಳಿದು, ಕಾಗದದ ಮೇಲೆ ಎಲ್ಲವೂ ಸರಿಹೋಯಿತು. ಆದರೆ ನಡುವಿನ ಹಲ್ಲುಚಕ್ರಗಳಲ್ಲಿ ಒಂದಿಷ್ಟು ಸಡಿಲವಿದ್ದೇ ಇರುವುದರಿಂದ, ಸೇತುವೆ ಎಡದಿಂದ ಬಂದಾಗ ನಿಲ್ಲುವ ಜಾಗವೇ ಬೇರೆ, ಬಲದಿಂದ ಬಂದಾಗ ನಿಲ್ಲುವ ಜಾಗವೇ ಬೇರೆ. ಯಾವಾಗಲೂ ಒಂದೇ ದಿಕ್ಕಿನಿಂದ ಬಂದು ನಿಲ್ಲುವಂತೆ ಮೋಟರನ್ನು ನಡೆಸುವ ಆರ್ಡ್ವಿನೋ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿಗೆ ಪ್ರೋಗ್ರಾಂ ಬರೆದದ್ದರಿಂದ, ಈಗ ಬಲಕ್ಕಿರುವ ಪಕ್ಕದ ಹಳಿಗೆ ಹೋಗಬೇಕಾದರೂ ಎಂಜಿನ್ ಇಡೀ ಗುಂಡಿಯನ್ನು ಪ್ರದಕ್ಷಿಣೆ ಹಾಕಿಯೇ ಹೋಗುತ್ತದೆ. ಜೂನ್ ತಿಂಗಳಲ್ಲಿ ಮಳೆ ಹಿಡಿದು ಪ್ಲೈವುಡ್ ಉಬ್ಬಿದಾಗ, ಬೇಸಿಗೆಯಲ್ಲಿ ಬರೆದಿಟ್ಟ ಸ್ಥಾನಗಳೆಲ್ಲ ತಪ್ಪಾದವು. ಪ್ರೋಗ್ರಾಮಿಗೆ ಋತುಮಾನ ತಿಳಿಯದು.

ಈ ಹಂತದಲ್ಲಿ ಮೈಸೂರಿನಿಂದ ನಮ್ಮ ಮಾವನವರು ಬಂದರು. ಅವರು ಮೀಟರ್ ಗೇಜಿನ ವೈಪಿ ಎಂಜಿನ್ನುಗಳಿಗೆ ಫೈರ್‌ಮ್ಯಾನ್ ಆಗಿ ಕಲ್ಲಿದ್ದಲು ಎತ್ತಿ ಹಾಕಿ, ಡ್ರೈವರ್ ಆಗಿ ನಿವೃತ್ತರಾದವರು. ಎಂಜಿನ್ ಹೊತ್ತ ಸೇತುವೆ ಮುಕ್ಕಾಲು ಸುತ್ತು ತಿರುಗಿ, ಸೇತುವೆಯ ಮುಂದಿನ ತುದಿಯನ್ನು ಹೊರುವ ಚಕ್ರ ಗುಂಡಿಯ ಸುತ್ತುಹಳಿಯಲ್ಲಿ ಸಿಕ್ಕಿಕೊಂಡು ನಡುಗುತ್ತಿದ್ದುದನ್ನು ಕುರ್ಚಿಯಲ್ಲಿ ಕೂತು ನೋಡಿದ ಅವರು, "ಅಳಿಯಂದ್ರೇ, ಎಂಜಿನ್ನು ಅರ್ಧ ಮಾರು ಹಿಂದಕ್ಕೆ ತಗೊಳ್ಳಿ" ಎಂದರು. ಅರ್ಧ ಮಾರೆಂದರೆ 1:87ರಲ್ಲಿ ಒಂದು ಸೆಂಟಿಮೀಟರ್ ಎಂಬ ಲೆಕ್ಕವನ್ನು ನಾನು ಮಾಡಿ ಮುಗಿಸುವ ಮೊದಲೇ ಅವರು ಎದ್ದು ಬಂದು ಎಂಜಿನ್ನನ್ನು ಬೆರಳಿನಿಂದ ಹಿಂದಕ್ಕೆ ನೂಕಿದರು. ಸೇತುವೆ ಹಗುರಾಗಿ ತಿರುಗಿತು. ಎಂಜಿನ್ನಿನ ಭಾರ ನಡುಗೂಟದ ಎರಡೂ ಬದಿಗೆ ಸಮನಾಗಿ ಕೂತರೆ ಮಾತ್ರ ಆಳುಗಳು ಅಸಲಿ ಟರ್ನ್‌ಟೇಬಲ್ಲನ್ನು ಕೈಯಿಂದ ನೂಕಬಹುದಿತ್ತಂತೆ. ಟೆಂಡರಿನಲ್ಲಿ ನೀರು, ಕಲ್ಲಿದ್ದಲು ಖಾಲಿಯಾದಷ್ಟೂ ಎಂಜಿನ್ ನಿಲ್ಲಿಸುವ ಜಾಗವೂ ಬದಲಾಗುತ್ತಿತ್ತಂತೆ. ನಮ್ಮ ಎಂಜಿನ್ನಿನ ಹೊಟ್ಟೆಯಲ್ಲಿ ಮೋಟರೂ ಸೀಸದ ತುಂಡೂ ಇವೆ, ಟೆಂಡರ್ ಬರಿಯ ಪ್ಲಾಸ್ಟಿಕ್ ಡಬ್ಬಿ.

ಮರುದಿನ ಅವರು ಮಾರುಕಟ್ಟೆಯಿಂದ ತರಕಾರಿಯ ಜೊತೆಗೆ ಒಂದು ಪುಟಾಣಿ ಹಿತ್ತಾಳೆ ಚಿಲಕವನ್ನೂ ತಂದರು. "ತಿರುಗಿಸಿದ ಮೇಲೆ ಬೀಗ ಹಾಕ್ದೆ ಎಂಜಿನ್ ಮುಟ್ಟೋ ಹಾಗೇ ಇರಲಿಲ್ಲ ನಮ್ಮಲ್ಲಿ" ಎಂದು ಹೇಳಿ, ಸೇತುವೆಯ ತುದಿಗೆ ಚಿಲಕವನ್ನೂ, ಪ್ರತಿ ಹಳಿಯ ಎದುರಿಗೆ ಅದು ಹೋಗಿ ಕೂರುವಂತೆ ಹಿತ್ತಾಳೆಯ ಕೊಳವೆಯ ತುಂಡುಗಳನ್ನೂ ನನ್ನಿಂದಲೇ ಅಂಟಿಸಿದರು. ಚಿಲಕ ಒಳಗೆ ಹೋದರೆ ಹಳಿಗಳು ಮಳೆಗಾಲದಲ್ಲಿಯೂ ಒಂದೇ ಗೆರೆಯಲ್ಲಿ ನಿಲ್ಲುತ್ತವೆ.

ಬಂದವರಿಗೆ ಈ ಟರ್ನ್‌ಟೇಬಲ್ ಸ್ವಯಂಚಾಲಿತವೆಂದು ನಾನು ಹೇಳುತ್ತೇನೆ. ಮೋಟರ್ ಇನ್ನೂ ಮೇಜಿನ ಕೆಳಗೇ ಇರುವುದರಿಂದ ಅದರಲ್ಲಿ ಸುಳ್ಳೇನೂ ಇಲ್ಲ. ನಾನು ಬಟನ್ ಒತ್ತುವ ಮುಂಚೆ ಮಾವನವರು ಚಿಲಕ ತೆಗೆದು, ಬೆರಳಿನಿಂದ ಸೇತುವೆಯನ್ನು ತಿರುಗಿಸಿ, ಚಿಲಕ ಹಾಕಿ, ಅತಿಥಿಗಳ ಕಡೆಗೆ ತಿರುಗಿ "ರೈಟ್" ಎನ್ನುತ್ತಾರೆ.