ಮಲ ಪರೀಕ್ಷೆ ಕೊಲೊನೋಸ್ಕೋಪಿಗೆ ಪೂರ್ತಿ ಬದಲಿಯಲ್ಲ

ಅಲ್ಸರೇಟಿವ್ ಕೊಲೈಟಿಸ್ (ದೊಡ್ಡ ಕರುಳಿನ ಒಳಪದರದಲ್ಲಿ ಉರಿಯೂತ, ಹುಣ್ಣು ತರುವ ದೀರ್ಘಕಾಲದ ಕಾಯಿಲೆ) ಇರುವವರಿಗೆ ಇನ್ನು ಕೊಲೊನೋಸ್ಕೋಪಿಯೇ (ಕ್ಯಾಮೆರಾ ಇರುವ ಕೊಳವೆಯಿಂದ ಕರುಳನ್ನು ನೋಡುವ ತಪಾಸಣೆ) ಬೇಡ, ಮಲ ಪರೀಕ್ಷೆ ಸಾಕು ಎಂದು ಅಮೆರಿಕದ ವೈದ್ಯರ ಸಂಘ ಹೇಳಿದೆ ಎಂಬ ಸಂದೇಶ ಹರಿದಾಡುತ್ತಿದೆ. ಇದು ಅರ್ಧಸತ್ಯ, ನಂಬಿ ಕುಳಿತರೆ ಅಪಾಯ.

ಆ ಸಂಘ, ಅಂದರೆ ಜೀರ್ಣಾಂಗ ತಜ್ಞರ ಅಮೆರಿಕನ್ ಗ್ಯಾಸ್ಟ್ರೋಎಂಟರಾಲಜಿಕಲ್ ಅಸೋಸಿಯೇಷನ್, 2023ರಲ್ಲಿ ಹೊರಡಿಸಿದ ಮಾರ್ಗಸೂಚಿ ಹೇಳುವುದೇ ಬೇರೆ. ರೋಗಲಕ್ಷಣಗಳು ಹತೋಟಿಯಲ್ಲಿದ್ದು, ಮಲದಲ್ಲಿ ಕ್ಯಾಲ್‌ಪ್ರೊಟೆಕ್ಟಿನ್ (ಕರುಳಿನಲ್ಲಿ ಉರಿಯೂತ ಇದ್ದಾಗ ಏರುವ ಪ್ರೊಟೀನ್) ಪ್ರಮಾಣ ಗ್ರಾಂಗೆ 150 ಮೈಕ್ರೋಗ್ರಾಂಗಿಂತ ಕಡಿಮೆ ಇದ್ದರೆ, ಉರಿಯೂತ ಇದೆಯೇ ಎಂದು ನೋಡಲು ವಾಡಿಕೆಯಂತೆ ಕೊಲೊನೋಸ್ಕೋಪಿ ಮಾಡಬೇಕಿಲ್ಲ. ರೋಗಿಗಳಿಗೆ ಇದು ನಿಜಕ್ಕೂ ದೊಡ್ಡ ನಿರಾಳ. ಕೊಲೊನೋಸ್ಕೋಪಿಗೆ ಮುನ್ನ ಹೊಟ್ಟೆ ಖಾಲಿ ಮಾಡಿಸುವ ಆ ಔಷಧದ ಕಷ್ಟ ಕುಡಿದವರಿಗೇ ಗೊತ್ತು. ಆದರೆ ಲಕ್ಷಣಗಳು ಸೌಮ್ಯವಾಗಿ ಕಾಣಿಸಿಕೊಂಡಾಗ ಬರೀ ಈ ಪರೀಕ್ಷೆಯನ್ನು ನೆಚ್ಚಿ ಔಷಧ ಬದಲಿಸುವುದಕ್ಕಿಂತ ಕರುಳನ್ನು ನೋಡಿ ನಿರ್ಧರಿಸುವುದು ಒಳಿತು ಎಂದೂ ಅದೇ ಮಾರ್ಗಸೂಚಿ ಸೂಚಿಸುತ್ತದೆ.

ಸಂದೇಶ ಬರೆದವರು ಕ್ಯಾನ್ಸರ್ ತಪಾಸಣೆಯ ಮಾತನ್ನೇ ಎತ್ತಿಲ್ಲ. ಕೊಲೈಟಿಸ್ ಪತ್ತೆಯಾಗಿ 8 ವರ್ಷವಾದ ಮೇಲೆ, ಆರಾಮವಾಗಿದ್ದರೂ ಕೊಲೊನೋಸ್ಕೋಪಿ ಬೇಕು. ಪಿತ್ತನಾಳಗಳು ಉರಿಯೂತದಿಂದ ಕಿರಿದಾಗುವ ಪಿಎಸ್‌ಸಿ ಕಾಯಿಲೆಯೂ ಇದ್ದರೆ ಅದು ಗೊತ್ತಾದ ಕೂಡಲೇ ಬೇಕು. ಕ್ಯಾನ್ಸರ್‌ಗೆ ಮುನ್ನ ಕರುಳಿನ ಪದರದಲ್ಲಿ ಆಗುವ ಬದಲಾವಣೆಯನ್ನು ಪತ್ತೆಹಚ್ಚಲು ಕ್ಯಾಲ್‌ಪ್ರೊಟೆಕ್ಟಿನ್ ಪರೀಕ್ಷೆಯನ್ನು ನೆಚ್ಚುವಂತಿಲ್ಲ. ವೈದ್ಯರು ಗೊತ್ತುಪಡಿಸಿದ ತಪಾಸಣೆಯನ್ನು ಈ ಸಂದೇಶ ನೋಡಿ ದಯವಿಟ್ಟು ರದ್ದು ಮಾಡಬೇಡಿ.